ಮಳೆಯ ತಲೆಗೆ ಕಟ್ಟಿದ ನಷ್ಟ: ಅತಿವಾಹಕ ರೆಸೊನೇಟರ್ ಅಳತೆಯ ಒಂದು ಪ್ರಕರಣ

ಶಿವಮೊಗ್ಗ ಜಿಲ್ಲೆಯ ಕಾಲೇಜೊಂದರ ಸ್ನಾತಕೋತ್ತರ ಭೌತಶಾಸ್ತ್ರ ವಿಭಾಗವೂ ಬೆಂಗಳೂರಿನ ಒಂದು ಪ್ರಯೋಗಾಲಯವೂ ಕೂಡಿ ನಡೆಸಿದ ಅಳತೆಯೊಂದರ ವಿವರ ಇಲ್ಲಿದೆ. ಅತಿ ತಂಪಿನಲ್ಲಿ ಅತಿವಾಹಕವಾಗುವ, ಅಂದರೆ ವಿದ್ಯುತ್ತನ್ನು ತಡೆಯಿಲ್ಲದೆ ಹರಿಯಗೊಡುವ ನಯೋಬಿಯಂ ಲೋಹದ ಚಿಪ್‌ಗಳಲ್ಲಿ ಮೈಕ್ರೋವೇವ್ ಶಕ್ತಿ ಎಷ್ಟು ಬೇಗ ಸೋರಿಹೋಗುತ್ತದೆ ಎಂಬುದು ಅಳತೆಯ ವಿಷಯ. ಒಂದೇ ವೇಫರ್‌ನಿಂದ (ಸಿಲಿಕಾನ್ ಬಿಲ್ಲೆಯಿಂದ) ಕತ್ತರಿಸಿದ ಎರಡು ಚಿಪ್‌ಗಳ ನಷ್ಟದಲ್ಲಿ ಮೂರು ಪಟ್ಟು ಅಂತರ ಏಕೆ ಬಂತು ಎಂಬುದು ಪ್ರಶ್ನೆ. ಗುಂಪಿನವರು ಕೇಳಿಕೊಂಡಿದ್ದರಿಂದ ಅವರ ಪ್ರಯೋಗಾಲಯದ ದಿನಚರಿಯನ್ನೂ ಮೂಲ ದತ್ತಾಂಶವನ್ನೂ ಮೊದಲಿನಿಂದ ನೋಡುವ ಅವಕಾಶ ನನಗೆ ಸಿಕ್ಕಿತು. ಸಂಸ್ಥೆಗಳ ಮತ್ತು ವ್ಯಕ್ತಿಗಳ ಗುರುತನ್ನು ಮರೆಮಾಡಿದೆ, ಅಳತೆಯ ಅಂಕಿಗಳನ್ನು ದುಂಡಗೆ ಕೊಟ್ಟಿದೆ.

ಹಿನ್ನೆಲೆ

2023ರ ಏಪ್ರಿಲ್‌ನಲ್ಲಿ ಕೇಂದ್ರ ಸಚಿವ ಸಂಪುಟವು ₹6,003.65 ಕೋಟಿ ವೆಚ್ಚದ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಎಂಟು ವರ್ಷಗಳಲ್ಲಿ 50ರಿಂದ 1000 ಭೌತಿಕ ಕ್ಯೂಬಿಟ್‌ಗಳ (ಕ್ವಾಂಟಂ ಕಂಪ್ಯೂಟರ್‌ನ ಮೂಲ ಘಟಕಗಳ) ಯಂತ್ರಗಳನ್ನು ಕಟ್ಟುವುದು ಅದರ ಗುರಿಗಳಲ್ಲಿ ಒಂದು, ಅತಿವಾಹಕ ಕ್ಯೂಬಿಟ್ ಅದು ಆರಿಸಿಕೊಂಡ ಮಾರ್ಗಗಳಲ್ಲಿ ಒಂದು. ಇಂಥ ಕೆಲಸಕ್ಕೆ ಬೇಕಾದ, ಚಿಪ್ಪನ್ನು ಶೂನ್ಯ ಕೆಲ್ವಿನ್‌ನ ಹತ್ತಿರಕ್ಕೆ ತಂಪುಗೊಳಿಸುವ ಡೈಲ್ಯೂಷನ್ ರೆಫ್ರಿಜರೇಟರ್ ಮಲೆನಾಡಿನ ಕಾಲೇಜೊಂದರ ಕೈಗೆ ಎಟುಕುವಂಥದ್ದಲ್ಲ. ಆದರೆ ಚಿಪ್ಪಿನ ವಿನ್ಯಾಸ, ವಿದ್ಯುತ್‌ಕಾಂತೀಯ ಸಿಮ್ಯುಲೇಶನ್, ಸೂಕ್ಷ್ಮದರ್ಶಕದ ತಪಾಸಣೆ ಹಾಗೂ ದತ್ತಾಂಶದ ವಿಶ್ಲೇಷಣೆಗಳಿಗೆ ಆ ಯಂತ್ರ ಬೇಡ. ಅವನ್ನು ಕಾಲೇಜಿನ ಹಿರಿಯ ಅಧ್ಯಾಪಕಿಯೊಬ್ಬರು ಇಬ್ಬರು ಸಂಶೋಧನಾ ವಿದ್ಯಾರ್ಥಿಗಳೊಂದಿಗೆ ವಹಿಸಿಕೊಂಡರು. ಲೋಹದ ಪದರ ಹಾಕಿ ಕೆತ್ತುವುದು ಮತ್ತು ತಂಪುಗೊಳಿಸಿ ಅಳೆಯುವುದು ಬೆಂಗಳೂರಿನವರ ಪಾಲಿಗೆ ಬಂತು. ಕೆಲಸ ಹೀಗೆ ಎರಡು ಊರುಗಳ ನಡುವೆ ಹಂಚಿಹೋದದ್ದು ಮುಂದಿನ ಗೊಂದಲಕ್ಕೂ, ಅದು ಬಗೆಹರಿದ ರೀತಿಗೂ ಕಾರಣವಾಯಿತು.

ಚಿಪ್ಪಿನ ರಚನೆ ಸರಳವಾಗಿತ್ತು. ಸಿಲಿಕಾನ್ ಮೇಲೆ ತೆಳುವಾದ ನಯೋಬಿಯಂ ಪದರ, ಅದರಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವ ಒಂದು ಮುಖ್ಯ ತಂತು, ಆ ತಂತುವಿನ ಬದಿಗೆ ಹೊಂದಿಕೊಂಡಂತೆ ಎಂಟು ರೆಸೊನೇಟರ್‌ಗಳು, ಅಂದರೆ ತಮ್ಮದೇ ಆವರ್ತನದಲ್ಲಿ ಅನುರಣಿಸಿ ಮೈಕ್ರೋವೇವ್ ಶಕ್ತಿಯನ್ನು ಹಿಡಿದಿಡುವ ರಚನೆಗಳು. ಪ್ರತಿಯೊಂದು ರೆಸೊನೇಟರ್ ಸುಮಾರು 10 ಮೈಕ್ರೋಮೀಟರ್ ಅಗಲದ ಪಟ್ಟಿ. 5 ಗಿಗಾಹರ್ಟ್ಸ್‌ನಲ್ಲಿ ಕಾಲು ತರಂಗದ ಉದ್ದ ಸಿಲಿಕಾನ್ ಮೇಲೆ ಹೆಚ್ಚುಕಡಿಮೆ 6 ಮಿಲಿಮೀಟರ್ ಆಗುವುದರಿಂದ ಪಟ್ಟಿಯನ್ನು ಹಾವಿನಂತೆ ಮಡಚಿ ಕೂರಿಸಲಾಗಿತ್ತು. ಮುಖ್ಯ ತಂತುವಿನಲ್ಲಿ ಮೈಕ್ರೋವೇವ್ ಹರಿಸಿ ಆವರ್ತನವನ್ನು ನಿಧಾನವಾಗಿ ಬದಲಿಸುತ್ತ ಹೋದರೆ ಪ್ರತಿ ರೆಸೊನೇಟರ್‌ನ ಅನುರಣನದಲ್ಲಿ ಒಂದು ಕಿರಿದಾದ ತಗ್ಗು ಕಾಣುತ್ತದೆ. ತಗ್ಗು ಎಷ್ಟು ಕಿರಿದೋ ಒಟ್ಟು ನಷ್ಟ ಅಷ್ಟು ಕಡಿಮೆ, ಅಂದರೆ ನಷ್ಟದ ವಿಲೋಮವಾದ ಕ್ಯೂ ಮೌಲ್ಯ ಅಷ್ಟು ಹೆಚ್ಚು.

ಒಟ್ಟು ನಷ್ಟದಲ್ಲಿ ಎರಡು ಪಾಲಿವೆ. ರೆಸೊನೇಟರ್‌ನಿಂದ ಮುಖ್ಯ ತಂತುವಿಗೆ ಮರಳಿ ಹೋಗುವ ಶಕ್ತಿಯದು ಒಂದು. ಅದನ್ನು ನಾವೇ ವಿನ್ಯಾಸದಲ್ಲಿ ಇಟ್ಟಿರುತ್ತೇವೆ, ಅದಿಲ್ಲದೆ ಅಳತೆಯೇ ಸಾಧ್ಯವಿಲ್ಲ. ಲೋಹ, ಸಿಲಿಕಾನ್, ಅವುಗಳ ಮೇಲ್ಮೈ ಮತ್ತು ಸುತ್ತಲಿನ ಪೆಟ್ಟಿಗೆ ನುಂಗಿಹಾಕುವುದು ಇನ್ನೊಂದು. ಕ್ಯೂಬಿಟ್ ಕಟ್ಟುವವರಿಗೆ ಬೇಕಾದದ್ದು ಈ ಎರಡನೆಯದು, ಏಕೆಂದರೆ ಅದೇ ವಸ್ತುಗಳಿಂದ ಕಟ್ಟಿದ ಕ್ಯೂಬಿಟ್‌ನ ಆಯುಸ್ಸನ್ನು ಅದೇ ನಿರ್ಧರಿಸುತ್ತದೆ. 5 ಗಿಗಾಹರ್ಟ್ಸ್‌ನಲ್ಲಿ ಆಂತರಿಕ ಕ್ಯೂ 10 ಲಕ್ಷವಿದ್ದರೆ ಶಕ್ತಿ ಉಳಿಯುವ ಕಾಲ ಸುಮಾರು 32 ಮೈಕ್ರೋಸೆಕೆಂಡ್. ಕ್ಯೂ ಮೂರನೇ ಒಂದಕ್ಕೆ ಇಳಿದರೆ ಕಾಲವೂ ಹಾಗೆಯೇ ಇಳಿದು 11 ಮೈಕ್ರೋಸೆಕೆಂಡ್ ಆಸುಪಾಸಿಗೆ ಬರುತ್ತದೆ.

ಆಂತರಿಕ ನಷ್ಟದ ಮುಖ್ಯ ಅಪರಾಧಿ ಯಾರೆಂಬುದು ಈ ಕ್ಷೇತ್ರದಲ್ಲಿ ಬಹಳ ಕಾಲದಿಂದ ತಿಳಿದಿದೆ. ಗಾಜಿನಂಥ ಅವ್ಯವಸ್ಥಿತ ವಸ್ತುಗಳಲ್ಲಿ ಕೆಲವು ಪರಮಾಣುಗಳು ಎರಡು ನೆಲೆಗಳ ನಡುವೆ ಸುರಂಗ ಹಾಯುತ್ತಿರುತ್ತವೆ ಎಂದು 1972ರಲ್ಲಿ ಆಂಡರ್ಸನ್, ಹಾಲ್ಪರಿನ್ ಮತ್ತು ಚಂದ್ರ ವರ್ಮಾ ಒಂದು ಕಡೆಯಿಂದ, ಫಿಲಿಪ್ಸ್ ಸ್ವತಂತ್ರವಾಗಿ ಇನ್ನೊಂದು ಕಡೆಯಿಂದ ಸೂಚಿಸಿದರು. ಟಿಎಲ್‌ಎಸ್ ಎಂದು ಕರೆಯುವ ಈ ದ್ವಿಸ್ತರ ದೋಷಗಳೇ ಅತಿವಾಹಕ ಕ್ಯೂಬಿಟ್‌ಗಳ ಶಕ್ತಿಯನ್ನು ಹೀರುತ್ತವೆ ಎಂಬುದನ್ನು 2005ರಲ್ಲಿ ಮಾರ್ಟಿನಿಸ್ ಮತ್ತು ಸಹೋದ್ಯೋಗಿಗಳು ತೋರಿಸಿದರು. ಸಿಲಿಕಾನ್ ಮೇಲೆ ಗಾಳಿಗೆ ತಾನಾಗಿ ಬೆಳೆಯುವ ಆಕ್ಸೈಡ್, ನಯೋಬಿಯಂ ಮೇಲೆ ಬೆಳೆಯುವ ಆಕ್ಸೈಡ್, ಕೆತ್ತನೆಗೆ ಬಳಿದ ರೆಸಿಸ್ಟ್ ಎಂಬ ಲೇಪದ ಉಳಿದ ಕೊಳೆ ಇವೆಲ್ಲ ಅವುಗಳ ವಾಸಸ್ಥಾನ. ಕೆಲವೇ ನ್ಯಾನೋಮೀಟರ್ ದಪ್ಪದ ಈ ಪದರಗಳಲ್ಲಿ ವಿದ್ಯುತ್ ಕ್ಷೇತ್ರದ ಅತ್ಯಲ್ಪ ಪಾಲು ಮಾತ್ರ ಇರುತ್ತದೆ. ಆದರೂ ಒಟ್ಟು ನಷ್ಟದ ಬಹುಪಾಲು ಅಲ್ಲಿಂದಲೇ ಬರಬಹುದು.

ಎರಡನೆಯ ಚಿಪ್ಪಿನ ಕುಸಿತ

ಮೊದಲ ಚಿಪ್ಪನ್ನು ಚಳಿಗಾಲದಲ್ಲಿ ತಂಪುಗೊಳಿಸಲಾಯಿತು. ರೆಸೊನೇಟರ್‌ನಲ್ಲಿ ಸರಾಸರಿ ಒಂದೇ ಫೋಟಾನ್ (ಮೈಕ್ರೋವೇವ್ ಶಕ್ತಿಯ ಒಂದು ಕಣ) ಇರುವಷ್ಟು ಕಡಿಮೆ ಪವರ್‌ನಲ್ಲಿ ಆಂತರಿಕ ಕ್ಯೂ ಸುಮಾರು 10 ಲಕ್ಷ ಬಂತು. ಮೊದಲ ಪ್ರಯತ್ನಕ್ಕೆ ಅದು ಸಮಾಧಾನ ಕೊಡುವ ಅಂಕಿ. ಅದೇ ವೇಫರ್‌ನ ಇನ್ನೆರಡು ಚಿಪ್‌ಗಳು ಸೂಕ್ಷ್ಮದರ್ಶಕದ ತಪಾಸಣೆಗೆಂದು ಶಿವಮೊಗ್ಗಕ್ಕೆ ಬಂದು, ಬೆಂಗಳೂರಿನ ಯಂತ್ರದ ಸರದಿ ತಡವಾದ ಕಾರಣ ಮಳೆಗಾಲ ಪೂರ್ತಿ ಇಲ್ಲಿಯೇ ಉಳಿದವು. ಅವುಗಳಲ್ಲಿ ಒಂದನ್ನು ದಸರೆಯ ನಂತರ ತಂಪುಗೊಳಿಸಿದಾಗ ಅದೇ ಕಡಿಮೆ ಪವರ್‌ನಲ್ಲಿ ಬಂದ ಮೌಲ್ಯ ಮೂರು ಲಕ್ಷದ ಸುಮಾರು.

ಮಳೆಯ ಮೇಲೆ ಅನುಮಾನ ಬಂದದ್ದು ಸಹಜ. ಆಷಾಢ ಶ್ರಾವಣಗಳಲ್ಲಿ ಇಲ್ಲಿನ ಗೋಡೆ ಒದ್ದೆಯಾಗಿರುತ್ತದೆ, ಪುಸ್ತಕದ ರಟ್ಟಿಗೂ ಚರ್ಮದ ಬೆಲ್ಟಿಗೂ ಬೂಸ್ಟು ಹಿಡಿಯುತ್ತದೆ. ಚಿಪ್‌ಗಳನ್ನು ಇಟ್ಟಿದ್ದ ಗಾಜಿನ ಡೆಸಿಕೇಟರ್‌ನ ತಳದಲ್ಲಿ ಸಿಲಿಕಾ ಜೆಲ್‌ನ ಹರಳುಗಳಿದ್ದವು. ಒಣಗಿದಾಗ ಕಡುನೀಲಿಯಾಗಿರುವ ಆ ಹರಳುಗಳು ಜುಲೈ ತಿಂಗಳ ಫೋಟೋದಲ್ಲಿ ಅಂಚಿನಲ್ಲಿ ನೇರಳೆ, ನಡುವೆ ಮಾಸಲು ಗುಲಾಬಿ ಬಣ್ಣಕ್ಕೆ ತಿರುಗಿದ್ದವು. ಹರಳು ನೀರು ಕುಡಿದು ತುಂಬಿತ್ತು, ಒಲೆಯಲ್ಲಿ ಹುರಿದು ಮತ್ತೆ ನೀಲಿಗೆ ತರುವ ಕೆಲಸ ಕೆಲವು ವಾರ ತಪ್ಪಿಹೋಗಿತ್ತು. ಈ ಫೋಟೋ, ಕುಸಿದ ಕ್ಯೂ ಮೌಲ್ಯ, ಸಿಲಿಕಾನ್‌ನ ಸಹಜ ಆಕ್ಸೈಡ್ ಬೆಳೆಯಲು ಆಮ್ಲಜನಕದ ಜತೆಗೆ ತೇವವೂ ಬೇಕು ಎಂಬ ತಿಳಿದ ಸಂಗತಿ, ಮೂರನ್ನೂ ಸೇರಿಸಿ ವಿದ್ಯಾರ್ಥಿ ಒಂದು ಪ್ರಬಂಧದ ಕರಡನ್ನು ಬರೆದಿದ್ದ. ಮಲೆನಾಡಿನ ತೇವಾಂಶದಲ್ಲಿ ಇಟ್ಟ ಚಿಪ್‌ಗಳಲ್ಲಿ ಟಿಎಲ್‌ಎಸ್ ನಷ್ಟ ಮೂರು ಪಟ್ಟಾಗುತ್ತದೆ ಎಂಬುದು ಅದರ ತೀರ್ಮಾನ.

ಅಧ್ಯಾಪಕಿ ಕರಡನ್ನು ತಳ್ಳಿಹಾಕಲಿಲ್ಲ, ಕಳಿಸಲೂ ಇಲ್ಲ. "ಮಳೆ ಬಂದದ್ದು ನಿಜ. ಮಳೆ ಬಿಟ್ಟು ಇನ್ನೇನೇನು ಬದಲಾಗಿದೆ ಅಂತ ಮೊದಲು ಪಟ್ಟಿ ಮಾಡಿಕೊಂಡು ಬಾ, ಆಮೇಲೆ ಕೂತು ಮಾತಾಡೋಣ" ಎಂದರಂತೆ. ಈ ಪ್ರಕರಣದ ಮೊದಲ ತಿರುವು ಇದು. ಎರಡು ತಂಪುಗೊಳಿಸುವಿಕೆಗಳ ನಡುವೆ ಬದಲಾದದ್ದರ ಪಟ್ಟಿ ತಯಾರಿಸಲು ಬೆಂಗಳೂರಿನವರಿಗೆ ಹಲವು ಸಲ ಫೋನ್ ಮಾಡಬೇಕಾಯಿತು. ಪಟ್ಟಿ ನಿರೀಕ್ಷೆಗಿಂತ ಉದ್ದವಾಯಿತು: ಚಿಪ್ ಕೂರಿಸಿದ ತಾಮ್ರದ ಪೆಟ್ಟಿಗೆ ಬೇರೆ, ತಂತಿ ಬೆಸುಗೆ ಹಾಕಿದವರು ಬೇರೆ, ಯಂತ್ರದೊಳಗೆ ಚಿಪ್ ಇದ್ದ ಜಾಗವೂ ಬೇರೆ. ಈ ಕೊನೆಯ ಸಂಗತಿಯ ಮಹತ್ವ ಆಗ ಯಾರಿಗೂ ಹೊಳೆದಿರಲಿಲ್ಲ.

ವೃತ್ತದ ಲೆಕ್ಕ

ಹೊಸ ಅಳತೆಗೆ ಯಂತ್ರದ ಸರದಿ ಸಿಗಲು ತಿಂಗಳುಗಳು ಬೇಕಿದ್ದವು. ಹಾಗಾಗಿ ಕೈಯಲ್ಲಿದ್ದ ದತ್ತಾಂಶವನ್ನೇ ಮತ್ತೆ ಬಿಡಿಸಿ ನೋಡಲು ನಿರ್ಧರಿಸಿದರು. ಇದನ್ನು ಎರಡನೆಯ ವಿದ್ಯಾರ್ಥಿನಿಗೆ ಒಪ್ಪಿಸಲಾಯಿತು. ಮೊದಲ ವಿಶ್ಲೇಷಣೆಯನ್ನು ಮಾಡದಿದ್ದ ವ್ಯಕ್ತಿಗೆ ಒಪ್ಪಿಸಿದ್ದು ಉದ್ದೇಶಪೂರ್ವಕ.

ಆಕೆಯ ಕಣ್ಣಿಗೆ ಮೊದಲು ಬಿದ್ದದ್ದು ಕೋಷ್ಟಕದಿಂದ ಬಿಟ್ಟಿದ್ದ ಒಂದು ರೆಸೊನೇಟರ್. ಅದರ ಆಂತರಿಕ ಕ್ಯೂ ಋಣಸಂಖ್ಯೆಯಾಗಿ ಬಂದಿತ್ತು, ಅಂದರೆ ಚಿಪ್ ಶಕ್ತಿಯನ್ನು ಕಳೆದುಕೊಳ್ಳುವ ಬದಲು ತಾನೇ ಹುಟ್ಟಿಸುತ್ತಿದೆ ಎಂದು ಲೆಕ್ಕ ಹೇಳುತ್ತಿತ್ತು. ಇದು ಭೌತಿಕವಾಗಿ ಅಸಾಧ್ಯ. ಕೆಟ್ಟ ದತ್ತಾಂಶವೆಂದು ಅದನ್ನು ಪಕ್ಕಕ್ಕಿಟ್ಟಿದ್ದರು. ಒಂದು ರೆಸೊನೇಟರ್‌ನಲ್ಲಿ ಲೆಕ್ಕದ ವಿಧಾನ ಅಸಾಧ್ಯವಾದ ಉತ್ತರ ಕೊಡುತ್ತಿದ್ದರೆ ಉಳಿದ ಏಳರಲ್ಲಿ ಅದು ಸಾಧ್ಯವೆನಿಸುವ ತಪ್ಪು ಉತ್ತರ ಕೊಡುತ್ತಿರಬಹುದು ಎಂದು ಆಕೆ ವಾದಿಸಿದಳು. ನನ್ನ ದೃಷ್ಟಿಯಲ್ಲಿ ಇಡೀ ಕೆಲಸದಲ್ಲಿ ಅತ್ಯಂತ ಬೆಲೆಯುಳ್ಳ ಮಾತು ಅದು.

ಮೊದಲ ವಿಶ್ಲೇಷಣೆ ತಗ್ಗಿನ ಆಳ ಅಗಲಗಳನ್ನು ಮಾತ್ರ ನೋಡಿತ್ತು. ಅಳತೆಗೆ ಬಳಸುವ ನೆಟ್‌ವರ್ಕ್ ಅನಲೈಸರ್ ಎಂಬ ಉಪಕರಣ ಸಿಗ್ನಲ್‌ನ ಪ್ರಮಾಣದ ಜತೆಗೆ ಹಂತವನ್ನೂ (ಫೇಸ್) ಕೊಡುತ್ತದೆ. ಎರಡನ್ನೂ ಸಂಕೀರ್ಣ ಸಮತಲದಲ್ಲಿ ಬಿಡಿಸಿದರೆ ಅನುರಣನವೊಂದು ವೃತ್ತವಾಗಿ ಕಾಣುತ್ತದೆ. ತಂತಿ ಬೆಸುಗೆಯಲ್ಲಿಯೋ ಪೆಟ್ಟಿಗೆಯ ಕನೆಕ್ಟರ್‌ನಲ್ಲಿಯೋ ಇಂಪೀಡೆನ್ಸ್‌ನ (ಮೈಕ್ರೋವೇವ್‌ಗೆ ಒಡ್ಡುವ ತಡೆಯ) ಹೊಂದಾಣಿಕೆ ತಪ್ಪಿದ್ದರೆ ಆ ವೃತ್ತ ತನ್ನ ಬುಡದ ಸುತ್ತ ತಿರುಗಿಕೊಂಡು ನಿಲ್ಲುತ್ತದೆ, ತಗ್ಗು ಒಂದು ಕಡೆಗೆ ವಾಲುತ್ತದೆ. ಎರಡನೆಯ ಚಿಪ್ಪಿನ ವೃತ್ತಗಳಲ್ಲಿ ಈ ತಿರುಗು ಎದ್ದು ಕಾಣುತ್ತಿತ್ತು. ತಿರುಗನ್ನು ಗಣನೆಗೆ ತೆಗೆದುಕೊಂಡು ವೃತ್ತದ ವ್ಯಾಸವನ್ನು ಸರಿಪಡಿಸುವ ವಿಧಾನ ಈ ಕ್ಷೇತ್ರದಲ್ಲಿ ಬಳಕೆಯಲ್ಲಿದೆ. ಅದನ್ನು ಅನ್ವಯಿಸಿದಾಗ ಋಣಸಂಖ್ಯೆ ಮಾಯವಾಯಿತು, ಕೆಲವು ರೆಸೊನೇಟರ್‌ಗಳ ಮೌಲ್ಯ ಗಣನೀಯವಾಗಿ ಬದಲಾಯಿತು. ಆದರೆ ಎರಡು ಚಿಪ್‌ಗಳ ನಡುವಿನ ಮೂರು ಪಟ್ಟಿನ ಅಂತರ ಉಳಿದೇ ಉಳಿಯಿತು.

ಇದೇ ಹಂತದಲ್ಲಿ ವಿನ್ಯಾಸದ ಒಂದು ದೌರ್ಬಲ್ಯವೂ ಹೊರಬಿತ್ತು. ಆಂತರಿಕ ನಷ್ಟವನ್ನು ನೇರವಾಗಿ ಅಳೆಯಲಾಗದು. ಒಟ್ಟು ನಷ್ಟದಿಂದ ಮುಖ್ಯ ತಂತುವಿಗೆ ಹೋದ ನಷ್ಟವನ್ನು ಕಳೆದು ಪಡೆಯಬೇಕು. ಇವರ ಚಿಪ್ಪಿನಲ್ಲಿ ತಂತುವಿನ ಕಡೆಯ ಕ್ಯೂ 50 ಸಾವಿರಕ್ಕೆ ವಿನ್ಯಾಸವಾಗಿತ್ತು, ಆಂತರಿಕ ಕ್ಯೂ 10 ಲಕ್ಷ. ಅಂದರೆ ಸೋರುವ ಶಕ್ತಿಯ ಇಪ್ಪತ್ತೊಂದು ಪಾಲಿನಲ್ಲಿ ಇಪ್ಪತ್ತು ಪಾಲು ತಂತುವಿಗೆ, ಒಂದೇ ಪಾಲು ವಸ್ತುವಿಗೆ. ಅಡಿಕೆ ಮೂಟೆಯೊಳಗೆ ಉಂಗುರ ಹಾಕಿ ತೂಗಿ, ಮೂಟೆಯ ತೂಕ ಕಳೆದು ಉಂಗುರದ ತೂಕ ಹೇಳಲು ಹೊರಟಂತೆ ಇದು. ಒಟ್ಟು ಕ್ಯೂ ಮೌಲ್ಯದಲ್ಲಿ ಶೇಕಡ 1ರಷ್ಟು ತಪ್ಪಾದರೆ ಆಂತರಿಕ ನಷ್ಟದಲ್ಲಿ ಶೇಕಡ 21ರಷ್ಟು ತಪ್ಪು ಬರುತ್ತದೆ. ತಂತುವಿನ ಕ್ಯೂ ಆಂತರಿಕ ಕ್ಯೂಗೆ ಹತ್ತಿರವಿರುವಂತೆ ವಿನ್ಯಾಸ ಮಾಡಿದ್ದರೆ ಈ ಹಿಗ್ಗುವಿಕೆ ಎರಡು ಪಟ್ಟಿಗೆ ಇಳಿಯುತ್ತಿತ್ತು. ಮೂರು ಪಟ್ಟಿನ ಅಂತರವನ್ನು ಈ ದೋಷ ವಿವರಿಸಲಾರದು ನಿಜ, ಆದರೆ ಶೇಕಡ 30ರ ಅಂತರವನ್ನು ನಂಬದಿರಲು ಅದು ಸಾಕು.

ಪವರ್ ಏರಿಸಿದಾಗ ಉಳಿದುಕೊಂಡದ್ದು

ನಿರ್ಣಾಯಕ ತಿರುವು ಬಂದದ್ದು ಹೆಚ್ಚಿನ ಪವರ್‌ನ ದತ್ತಾಂಶದಿಂದ. ಟಿಎಲ್‌ಎಸ್ ದೋಷಗಳ ಒಂದು ಗುಣವೆಂದರೆ ಅವು ಬೇಗ ತೃಪ್ತವಾಗುತ್ತವೆ. ಪ್ರತಿ ದೋಷ ಒಂದು ಸಲಕ್ಕೆ ಒಂದು ಫೋಟಾನ್ ಮಾತ್ರ ನುಂಗಬಲ್ಲುದು, ರೆಸೊನೇಟರ್‌ನಲ್ಲಿ ಲಕ್ಷಗಟ್ಟಲೆ ಫೋಟಾನ್ ತುಂಬಿದರೆ ನುಂಗುವ ಸಾಮರ್ಥ್ಯ ಮುಗಿದುಹೋಗುತ್ತದೆ. ಪವರ್ ಏರಿದಂತೆ ಟಿಎಲ್‌ಎಸ್ ನಷ್ಟ ಇಳಿಯುವುದು ಈ ಕಾರಣಕ್ಕೆ. ಕ್ಯೂಬಿಟ್ ಕೆಲಸ ಮಾಡುವುದು ಒಂದು ಫೋಟಾನ್ ಮಟ್ಟದಲ್ಲಿಯೇ ಆದ್ದರಿಂದ ಅಳತೆಗಾರರು ಆ ಮಟ್ಟಕ್ಕೆ ಇಳಿಯಲೇಬೇಕು. ಅಲ್ಲಿ ಚಿಪ್ಪನ್ನು ಮುಟ್ಟುವ ಪವರ್ ಒಂದು ವ್ಯಾಟ್‌ನ ಶತಕೋಟಿಯ ಶತಕೋಟಿಯಲ್ಲಿ ಒಂದು ಭಾಗ ಅಥವಾ ಅದಕ್ಕೂ ಕಡಿಮೆ, ಒಂದೊಂದು ತಗ್ಗನ್ನು ಸ್ಪಷ್ಟವಾಗಿ ಕಾಣಲು ಗಂಟೆಗಟ್ಟಲೆ ಸರಾಸರಿ ತೆಗೆಯಬೇಕು. ಇಷ್ಟು ಕಷ್ಟಪಟ್ಟು ಪಡೆದ ಕಡಿಮೆ ಪವರ್‌ನ ಅಂಕಿಯ ಮೇಲೆಯೇ ಎಲ್ಲರ ಗಮನವೂ ನೆಟ್ಟಿತ್ತು. ನಿಮಿಷಗಳಲ್ಲಿ ಮುಗಿಯುವ ಹೆಚ್ಚಿನ ಪವರ್‌ನ ಅಳತೆಯನ್ನು ದಾಖಲೆಗೆಂದು ಉಳಿಸಿಕೊಂಡಿದ್ದರಷ್ಟೆ.

ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಕಂಡದ್ದು ಇದು. ಕಡಿಮೆ ಪವರ್‌ನಲ್ಲಿ ಮೊದಲ ಚಿಪ್ಪಿನ ನಷ್ಟ ಹತ್ತು ಲಕ್ಷದಲ್ಲಿ ಒಂದು ಪಾಲು, ಎರಡನೆಯದರದು ಮೂರು ಪಾಲು. ಹೆಚ್ಚಿನ ಪವರ್‌ನಲ್ಲಿ ಮೊದಲನೆಯದು ಕಾಲು ಪಾಲಿಗಿಂತ ಕೆಳಗೆ ಇಳಿಯಿತು, ಎರಡನೆಯದು ಎರಡು ಪಾಲಿಗಿಂತ ತುಸು ಮೇಲೆ ನಿಂತುಬಿಟ್ಟಿತು. ಅಂತರ ಎರಡೂ ಕಡೆ ಎರಡು ಪಾಲು. ಪವರ್ ಏರಿಸಿದರೂ ಹೆಚ್ಚುವರಿ ನಷ್ಟ ಕದಲಲಿಲ್ಲ. ಮಳೆಯಲ್ಲಿ ಬೆಳೆದ ಆಕ್ಸೈಡ್ ಕಾರಣವಾಗಿದ್ದರೆ ಈ ಅಂತರ ಹೆಚ್ಚಿನ ಪವರ್‌ನಲ್ಲಿ ಬಹುಮಟ್ಟಿಗೆ ಕರಗಬೇಕಿತ್ತು.

ಒಂದೇ ಸಾಕ್ಷಿಯ ಮೇಲೆ ತೀರ್ಪು ಕೊಡಲು ಅಧ್ಯಾಪಕಿ ಒಪ್ಪಲಿಲ್ಲ, ಅದರಲ್ಲೂ ಹೆಚ್ಚಿನ ಪವರ್‌ನಲ್ಲಿ ಮೊದಲ ಚಿಪ್ಪಿನ ಆಂತರಿಕ ಕ್ಯೂ ಇನ್ನಷ್ಟು ದೊಡ್ಡದಾಗಿ ಮೂಟೆ ಮತ್ತು ಉಂಗುರದ ತೊಂದರೆ ಇನ್ನಷ್ಟು ಹೆಚ್ಚುವುದರಿಂದ. ಕ್ಯೂ ಮೌಲ್ಯವನ್ನು ನೆಚ್ಚದ ಇನ್ನೊಂದು ದಾರಿ ಬೇಕಿತ್ತು. ಅದು ಸಿಕ್ಕಿದ್ದು ಯಂತ್ರವನ್ನು ಬಿಸಿಗೇರಿಸುವಾಗ ತಾನಾಗಿ ದಾಖಲಾಗಿದ್ದ ಕಡತಗಳಲ್ಲಿ. ಟಿಎಲ್‌ಎಸ್ ದೋಷಗಳು ಶಕ್ತಿಯನ್ನು ನುಂಗುವುದರ ಜತೆಗೆ ಅನುರಣನದ ಆವರ್ತನವನ್ನೂ ಕದಲಿಸುತ್ತವೆ. ತಾಪ ಏರಿದಂತೆ ಆವರ್ತನ ಮೊದಲು ತುಸು ಇಳಿದು, ಸುಮಾರು ನೂರು ಮಿಲಿಕೆಲ್ವಿನ್ ದಾಟಿದ ಮೇಲೆ ನಿಧಾನವಾಗಿ ಏರುತ್ತದೆ. ಈ ಏರಿಕೆಯ ಪ್ರಮಾಣ ಟಿಎಲ್‌ಎಸ್ ನಷ್ಟದ ಪ್ರಮಾಣಕ್ಕೆ ನೇರವಾಗಿ ಕಟ್ಟುಬಿದ್ದಿರುತ್ತದೆ, ಅಳೆಯುವ ಪವರ್ ಹೆಚ್ಚಾದರೂ ಅದು ಬಹುತೇಕ ಬದಲಾಗದು. 5 ಗಿಗಾಹರ್ಟ್ಸ್ ರೆಸೊನೇಟರ್‌ನಲ್ಲಿ ನಷ್ಟ ಹತ್ತು ಲಕ್ಷದಲ್ಲಿ ಒಂದು ಪಾಲಾದರೆ 100ರಿಂದ 800 ಮಿಲಿಕೆಲ್ವಿನ್‌ವರೆಗೆ ಆವರ್ತನ ಸುಮಾರು 2 ಕಿಲೋಹರ್ಟ್ಸ್ ಏರಬೇಕು, ಮೂರು ಪಾಲಾದರೆ 6 ಕಿಲೋಹರ್ಟ್ಸ್. ನಯೋಬಿಯಂನ ಅತಿವಾಹಕ ತಾಪ 9.2 ಕೆಲ್ವಿನ್‌ನಷ್ಟು ಎತ್ತರದಲ್ಲಿರುವುದರಿಂದ ಈ ವ್ಯಾಪ್ತಿಯಲ್ಲಿ ಲೋಹದ ಕಡೆಯಿಂದ ಬೆರಕೆಯಾಗುವ ಭಯವಿಲ್ಲ. ಕಡತಗಳನ್ನು ತೆರೆದು ನೋಡಿದರೆ ಎರಡೂ ಚಿಪ್‌ಗಳಲ್ಲಿ ಏರಿಕೆ ಎರಡು ಕಿಲೋಹರ್ಟ್ಸ್ ಆಸುಪಾಸೇ ಇತ್ತು. ಎರಡನೆಯ ಚಿಪ್ಪಿನಲ್ಲಿ ಟಿಎಲ್‌ಎಸ್ ಹೆಚ್ಚಾಗಿರಲಿಲ್ಲ.

ಆಗ ಮತ್ತೆ ಬದಲಾವಣೆಗಳ ಪಟ್ಟಿಯತ್ತ ತಿರುಗಿದರು. ಮೊದಲ ಚಿಪ್, ಹೊರಗಿನ ಕಾಂತಕ್ಷೇತ್ರವನ್ನು ತಡೆಯುವ ಕಾಂತಕವಚದ ಒಳಗೆ ಅಡ್ಡಲಾಗಿ ಮಲಗಿತ್ತು. ಎರಡನೆಯ ಸಲ ಕವಚದೊಳಗೆ ಬೇರೆ ಪ್ರಯೋಗದ ಚಿಪ್‌ಗಳಿದ್ದ ಕಾರಣ ಇವರದನ್ನು ಕವಚದ ಹೊರಗೆ, ಒಂದು ತಾಮ್ರದ ಪಟ್ಟಿಗೆ ನೆಟ್ಟಗೆ ನಿಲ್ಲಿಸಿ ಬಿಗಿಯಲಾಗಿತ್ತು. ಕಾಂತೀಯ ಸಮಭಾಜಕ ದಕ್ಷಿಣ ಭಾರತದ ತುದಿಯ ಹತ್ತಿರ ಹಾದುಹೋಗುವುದರಿಂದ ಕರ್ನಾಟಕದಲ್ಲಿ ಭೂಮಿಯ ಕಾಂತಕ್ಷೇತ್ರ ಹೆಚ್ಚುಕಡಿಮೆ ನೆಲಕ್ಕೆ ಸಮಾಂತರವಾಗಿದೆ. ಸುಮಾರು 40 ಮೈಕ್ರೋಟೆಸ್ಲಾ ಕ್ಷೇತ್ರದಲ್ಲಿ ಲಂಬ ಪಾಲು ಹತ್ತರ ಆಸುಪಾಸು ಮಾತ್ರ. ಮಲಗಿಸಿದ ಚಿಪ್ಪನ್ನು ಈ ಹತ್ತು ಮಾತ್ರ ಹಾಯುತ್ತದೆ. ಕಾಂತೀಯ ಉತ್ತರಕ್ಕೆ ಮುಖಮಾಡಿ ನಿಲ್ಲಿಸಿದ ಚಿಪ್ಪನ್ನು ಬಹುಮಟ್ಟಿಗೆ ನಲವತ್ತೂ ಹಾಯುತ್ತದೆ. ಯುರೋಪ್ ಅಥವಾ ಅಮೆರಿಕದ ಪ್ರಯೋಗಾಲಯಗಳಲ್ಲಿ ಕ್ಷೇತ್ರ ಕಡಿದಾಗಿ ನೆಲದೊಳಕ್ಕೆ ಇಳಿಯುವುದರಿಂದ ಪರಿಸ್ಥಿತಿ ತಿರುವುಮುರುವು. ಅಲ್ಲಿನ ಅನುಭವದಿಂದ ಬರೆದ ಸೂಚನೆಗಳನ್ನು ಇಲ್ಲಿ ಕಣ್ಣುಮುಚ್ಚಿ ಪಾಲಿಸುವಂತಿಲ್ಲ.

ಅತಿವಾಹಕ ಪದರ ಕಾಂತಕ್ಷೇತ್ರದಲ್ಲಿ ತಂಪಾದಾಗ ಕ್ಷೇತ್ರ ಸಣ್ಣ ಸಣ್ಣ ಸುಳಿಗಳಾಗಿ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಪ್ರತಿ ಸುಳಿಯ ನಡುಭಾಗ ಸಾಮಾನ್ಯ ಲೋಹದಂತಿದ್ದು ಮೈಕ್ರೋವೇವ್ ಪ್ರವಾಹಕ್ಕೆ ಘರ್ಷಣೆ ಒಡ್ಡುತ್ತದೆ. ಪಟ್ಟಿಯೊಂದರಲ್ಲಿ ಸುಳಿ ಸಿಕ್ಕಿಕೊಳ್ಳಲು ಬೇಕಾದ ಕನಿಷ್ಠ ಕ್ಷೇತ್ರವನ್ನು ಅಂದಾಜಿಸುವುದು ಸುಲಭ: ಒಂದು ಸುಳಿ ಹೊತ್ತಿರುವ ಕಾಂತಪ್ರವಾಹದ, ಅಂದರೆ ಕಾಂತ ಕ್ವಾಂಟಂನ, ಮೌಲ್ಯವನ್ನು ಪಟ್ಟಿಯ ಅಗಲದ ವರ್ಗದಿಂದ ಭಾಗಿಸಿದರೆ ಸಾಕು. 10 ಮೈಕ್ರೋಮೀಟರ್ ಪಟ್ಟಿಗೆ ಅದು ಸುಮಾರು 20 ಮೈಕ್ರೋಟೆಸ್ಲಾ. ಹತ್ತು ಅದಕ್ಕಿಂತ ಕೆಳಗೆ, ನಲವತ್ತು ಅದಕ್ಕಿಂತ ಮೇಲೆ.

ಮೂರು ಚಿಪ್‌ಗಳ ಪರೀಕ್ಷೆ

ಊಹೆ ಎಷ್ಟೇ ಚೆನ್ನಾಗಿ ಹೊಂದಿದರೂ ಪರೀಕ್ಷೆಗೆ ಒಡ್ಡದೆ ಅದು ಊಹೆಯೇ. ಯಂತ್ರದ ಸರದಿ ಮತ್ತೆ ಬಂದಾಗ ಮೂರು ಚಿಪ್‌ಗಳನ್ನು ಒಂದೇ ಬಗೆಯ ಪೆಟ್ಟಿಗೆಗಳಲ್ಲಿ, ಒಂದೇ ಕವಚದೊಳಗೆ, ಮಲಗಿಸಿದ ಸ್ಥಿತಿಯಲ್ಲಿ ಒಟ್ಟಿಗೆ ತಂಪುಗೊಳಿಸಲಾಯಿತು. ಒಂದು, ಬೆಂಗಳೂರಿನಲ್ಲಿಯೇ ಒಣ ನೈಟ್ರೋಜನ್‌ನಲ್ಲಿ ಇಟ್ಟಿದ್ದ ಚಿಪ್. ಇನ್ನೊಂದು, ಕುಸಿತ ತೋರಿಸಿದ ಅದೇ ಎರಡನೆಯ ಚಿಪ್. ಮತ್ತೊಂದು, ಶಿವಮೊಗ್ಗದಲ್ಲಿ ಮಳೆಗಾಲ ಕಳೆದ ಅದರ ಜತೆಗಾರ. ಇದನ್ನು ಮಾತ್ರ ತಂಪುಗೊಳಿಸುವುದಕ್ಕೆ ಸ್ವಲ್ಪ ಮುಂಚೆ ಬೆಂಗಳೂರಿನ ಕ್ಲೀನ್ ರೂಮ್‌ನಲ್ಲಿ, ತರಬೇತಿ ಪಡೆದವರ ಕೈಯಿಂದ, ಬಫರ್ಡ್ ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಅದ್ದಿ ಎರಡೂ ಆಕ್ಸೈಡ್‌ಗಳನ್ನು ತೆಗೆಯಲಾಯಿತು. ಈ ಆಮ್ಲ ಚರ್ಮದ ಮೂಲಕ ಇಳಿದು ಮೂಳೆಯವರೆಗೆ ಹಾನಿ ಮಾಡಬಲ್ಲುದು. ಸರಿಯಾದ ವ್ಯವಸ್ಥೆಯಿಲ್ಲದ ಕಾಲೇಜಿನಲ್ಲಿ ಅದನ್ನು ಮುಟ್ಟುವುದಿಲ್ಲ ಎಂದು ಅಧ್ಯಾಪಕಿ ಮೊದಲೇ ತೀರ್ಮಾನಿಸಿದ್ದರು.

ಹೆಚ್ಚಿನ ಪವರ್‌ನಲ್ಲಿ ಮೂರೂ ಚಿಪ್‌ಗಳ ನಷ್ಟ ಒಂದೇ ಮಟ್ಟಕ್ಕೆ ಇಳಿಯಿತು. ಎರಡನೆಯ ಚಿಪ್ಪಿನ ಹೆಚ್ಚುವರಿ ನಷ್ಟ ಮಾಯವಾಗಿತ್ತು. ಆದರೆ ಕಾಂತಕವಚ ಬೆಳಕಿನ ಸೋರಿಕೆಯನ್ನೂ ತಡೆಯುತ್ತದೆ. ಹೊರಗಿನ ಅವಕೆಂಪು ವಿಕಿರಣ ಅತಿವಾಹಕದ ಎಲೆಕ್ಟ್ರಾನ್ ಜೋಡಿಗಳನ್ನು ಒಡೆದು ನಷ್ಟ ತಂದಿದ್ದಿರಬಹುದು ಎಂಬ ಸಂದೇಹ ಉಳಿದಿತ್ತು. ಅದನ್ನು ನೀಗಿಸಲು ಮತ್ತೊಂದು ಸರದಿಗೆ ಕಾಯಬೇಕಾಗಲಿಲ್ಲ. ನಯೋಬಿಯಂ 9.2 ಕೆಲ್ವಿನ್‌ನಲ್ಲಿ ಅತಿವಾಹಕ ಗುಣ ಕಳೆದುಕೊಳ್ಳುವುದರಿಂದ ಚಿಪ್ಪನ್ನು ಅದಕ್ಕಿಂತ ತುಸು ಮೇಲೆ ಬಿಸಿಮಾಡಿ ಮತ್ತೆ ತಂಪುಗೊಳಿಸಿದರೆ ಹಳೆಯ ಸುಳಿಗಳು ಅಳಿದು ಹೊಸ ಕ್ಷೇತ್ರಕ್ಕೆ ತಕ್ಕ ಸುಳಿಗಳು ಕೂರುತ್ತವೆ. ಪೆಟ್ಟಿಗೆಯ ಸುತ್ತ ಸುತ್ತಿದ್ದ ಸಣ್ಣ ಸುರುಳಿಯಲ್ಲಿ ವಿದ್ಯುತ್ ಹರಿಸಿ, ಮೊದಲು 10 ಮೈಕ್ರೋಟೆಸ್ಲಾ, ಆಮೇಲೆ 40 ಮೈಕ್ರೋಟೆಸ್ಲಾ ಲಂಬ ಕ್ಷೇತ್ರದಲ್ಲಿ ಇದನ್ನು ಮಾಡಿದರು. ಹತ್ತರಲ್ಲಿ ನಷ್ಟ ಅಲ್ಪಸ್ವಲ್ಪ ಏರಿತು. ಇದು ಭೂತಳದಲ್ಲಿ, ಅಂದರೆ ಪಟ್ಟಿಗಳ ಸುತ್ತಲಿನ ಅಗಲವಾದ ನಯೋಬಿಯಂ ಹರವಿನಲ್ಲಿ, ಸಿಕ್ಕಿಕೊಂಡ ಸುಳಿಗಳಿಂದ ಇರಬೇಕು, ಏಕೆಂದರೆ ಅಲ್ಲಿ ಅಷ್ಟು ಕ್ಷೇತ್ರವೇ ಸಾಕು. ನಲವತ್ತರಲ್ಲಿ ಕುಸಿತ ಮರುಕಳಿಸಿತು. ಕವಚದೊಳಗೆ, ಬೆಳಕಿಲ್ಲದ ಜಾಗದಲ್ಲಿ, ಕ್ಷೇತ್ರವೊಂದನ್ನೇ ಬದಲಿಸಿ ಇದನ್ನು ತೋರಿಸಿದ್ದರಿಂದ ಕಾರಣ ಸಾಬೀತಾಯಿತು.

ಹಾಗಾದರೆ ಮಳೆಯ ಪಾಲೆಷ್ಟು? ಕ್ಷೇತ್ರವಿಲ್ಲದೆ ಒಂದು ಫೋಟಾನ್ ಮಟ್ಟದಲ್ಲಿ ಅಳೆದಾಗ ಮಳೆಗಾಲ ಕಳೆದ, ಆಮ್ಲದಲ್ಲಿ ತೊಳೆಯದ ಎರಡನೆಯ ಚಿಪ್ಪಿನ ನಷ್ಟ ಒಣ ನೈಟ್ರೋಜನ್‌ನ ಚಿಪ್ಪಿಗಿಂತ ತುಸು ಹೆಚ್ಚಿತ್ತು. ಆದರೆ ಒಂದೇ ರೆಸೊನೇಟರ್ ಅನ್ನು ರಾತ್ರಿಯಿಡೀ ಮತ್ತೆ ಮತ್ತೆ ಅಳೆದರೆ, ಟಿಎಲ್‌ಎಸ್ ದೋಷಗಳು ತಮ್ಮ ಆವರ್ತನಗಳಲ್ಲಿ ಅಲೆದಾಡುವುದರಿಂದ, ಅದರ ಕ್ಯೂ ತಾನಾಗಿಯೇ ಅಷ್ಟರ ಮಟ್ಟಿಗೆ ಏರಿಳಿಯುತ್ತಿತ್ತು. ಹಾಗಾಗಿ ಆ ಅಂತರಕ್ಕೆ ಅರ್ಥ ಕಟ್ಟಲಾಗದು. ಆಮ್ಲದಲ್ಲಿ ತೊಳೆದ ಚಿಪ್ ಮಾತ್ರ ಉಳಿದೆರಡಕ್ಕಿಂತ ನಿಸ್ಸಂದೇಹವಾಗಿ ಉತ್ತಮವಾಗಿತ್ತು. ಆಕ್ಸೈಡ್ ಮುಖ್ಯವೆಂಬ ಮೊದಲ ವಿದ್ಯಾರ್ಥಿಯ ನಂಬಿಕೆ ಸರಿಯಾಗಿತ್ತು, ಆದರೆ ಆ ಆಕ್ಸೈಡ್ ಮೂರೂ ಚಿಪ್‌ಗಳ ಮೇಲೆ ಮೊದಲೇ ಇತ್ತು. ನಯೋಬಿಯಂ ಆಕ್ಸೈಡ್ ಗಾಳಿಗೆ ಒಡ್ಡಿದ ಗಂಟೆಗಳಲ್ಲಿಯೇ ಬೆಳೆಯತೊಡಗಿ ಕೆಲವೇ ದಿನಗಳಲ್ಲಿ ಬಹುಪಾಲು ದಪ್ಪ ಮುಟ್ಟುತ್ತದೆ. ವೇಫರ್ ಕತ್ತರಿಸಿ, ವಿಂಗಡಿಸಿ, ಶಿವಮೊಗ್ಗದ ಬಸ್ ಹತ್ತುವ ಹೊತ್ತಿಗೆ ಹಾನಿಯ ಬಹುಭಾಗ ಬೆಂಗಳೂರಿನ ಗಾಳಿಯಲ್ಲಿಯೇ ಆಗಿಹೋಗಿತ್ತು.

ಈ ಪ್ರಕರಣದಿಂದ ತಿಳಿಯುವುದು

ಇದೇ ಕೆಲಸದಲ್ಲಿ ತೊಡಗಿರುವವರಿಗೆ ನಾನು ಒತ್ತಿಹೇಳಬಯಸುವ ಸಂಗತಿ ಒಂದಿದೆ. ಆಂತರಿಕ ಕ್ಯೂ ಎಂಬ ಒಂಟಿ ಅಂಕಿ ವಸ್ತುವಿನ ಗುಣವಲ್ಲ. ಆಕ್ಸೈಡ್, ಸುಳಿ, ವಿಕಿರಣ, ಪೆಟ್ಟಿಗೆ ಹಾಗೂ ಲೆಕ್ಕದ ವಿಧಾನ ಎಲ್ಲವೂ ಅದರೊಳಗೆ ಬೆರೆತಿರುತ್ತವೆ. ಅದನ್ನು ವಸ್ತುವಿನ ಹೆಸರಿನಲ್ಲಿ ಪ್ರಕಟಿಸುವ ಮುನ್ನ ಪವರ್‌ನೊಂದಿಗೆ ಅದು ಹೇಗೆ ಬದಲಾಗುತ್ತದೆ, ತಾಪದೊಂದಿಗೆ ಆವರ್ತನ ಹೇಗೆ ಸರಿಯುತ್ತದೆ ಎಂಬೆರಡನ್ನು ಜತೆಗಿಟ್ಟರೆ ಬಹಳಷ್ಟು ತಪ್ಪು ತೀರ್ಮಾನಗಳು ಅಲ್ಲಿಯೇ ನಿಲ್ಲುತ್ತವೆ. ಎರಡನೆಯದಕ್ಕೆ ಹೆಚ್ಚುವರಿ ಯಂತ್ರಸಮಯವೂ ಬೇಡ, ಹೇಗೂ ಬಿಸಿಗೇರಿಸಲೇಬೇಕಾದ ಹೊತ್ತಿನಲ್ಲಿ ದಾಖಲೆ ನಡೆಯುತ್ತಿದ್ದರೆ ಸಾಕು. ಸ್ವಂತ ರೆಫ್ರಿಜರೇಟರ್ ಇಲ್ಲದ ಸಣ್ಣ ಊರಿನ ಗುಂಪುಗಳಿಗೆ ಇದು ದೊಡ್ಡ ಅವಕಾಶವೆಂದು ನನಗೆ ಅನಿಸುತ್ತದೆ. ಈ ಪ್ರಕರಣದ ಎರಡು ಮುಖ್ಯ ಸಾಕ್ಷ್ಯಗಳೂ ಹೊಸ ಪ್ರಯೋಗದಿಂದ ಬಂದವಲ್ಲ, ಶಿವಮೊಗ್ಗದ ಒಂದು ಕೋಣೆಯಲ್ಲಿ ಹಳೆಯ ಕಡತಗಳನ್ನು ತಾಳ್ಮೆಯಿಂದ ಓದಿದ್ದರಿಂದ ಬಂದವು.

ಇನ್ನೊಂದು, ಬೇರೆ ಊರಿನಲ್ಲಿ ನಡೆಯುವ ಅಳತೆಯ ಬಗ್ಗೆ. ಚಿಪ್ ಯಾವ ದಿಕ್ಕಿಗೆ, ಯಾವ ಕವಚದೊಳಗೆ, ಯಾರ ಬೆಸುಗೆಯೊಂದಿಗೆ ಕೂತಿತ್ತು ಎಂಬುದು ದತ್ತಾಂಶದ ಕಡತದ ಭಾಗವಾಗಿರಬೇಕು. ಬೆಂಗಳೂರಿನವರು ಯಾವುದನ್ನೂ ಮುಚ್ಚಿಟ್ಟಿರಲಿಲ್ಲ, ಕೇಳಿದಾಗ ಎಲ್ಲವನ್ನೂ ಹೇಳಿದರು. ಆದರೆ ಕೇಳುವವರಿಗೆ ಏನು ಕೇಳಬೇಕೆಂದು ಗೊತ್ತಾಗಲು ತಿಂಗಳುಗಳು ಹಿಡಿದವು. ಈಗ ಎರಡೂ ಕಡೆಯವರು ಪ್ರತಿ ತಂಪುಗೊಳಿಸುವಿಕೆಗೆ ಮುನ್ನ ಪೆಟ್ಟಿಗೆಯ ಫೋಟೋವನ್ನೂ ಒಂದು ಪುಟದ ವಿವರವನ್ನೂ ಕಡತದ ಜತೆ ಸೇರಿಸುತ್ತಾರೆ.

ಮುಂದಿನ ವಿನ್ಯಾಸದಲ್ಲಿ ತಂತುವಿನ ಕಡೆಯ ಕ್ಯೂ ಐದು ಲಕ್ಷಕ್ಕೆ ಏರಿದೆ, ಭೂತಳದಲ್ಲಿ ಸುಳಿಗಳನ್ನು ಹಿಡಿದಿಡುವ ಸಣ್ಣ ತೂತುಗಳ ಸಾಲು ಬಂದಿದೆ. ಮಳೆಯ ಪ್ರಶ್ನೆಯನ್ನು ಗುಂಪು ಕೈಬಿಟ್ಟಿಲ್ಲ. ಆಮ್ಲದಲ್ಲಿ ತೊಳೆದ ಗಳಿಗೆಯಿಂದಲೇ ಒಂದು ಚಿಪ್ಪನ್ನು ಒಣ ನೈಟ್ರೋಜನ್‌ನಲ್ಲಿ, ಅದರ ಜೋಡಿಯನ್ನು ಮಲೆನಾಡಿನ ತೇವದ ಗಾಳಿಯಲ್ಲಿ ಇಟ್ಟು, ಕೆಲವೇ ದಿನಗಳ ನಂತರ ಎರಡನ್ನೂ ಒಟ್ಟಿಗೆ ತಂಪುಗೊಳಿಸುವ ಯೋಜನೆ ಸಿದ್ಧವಾಗಿದೆ. ತೊಳೆದ ಮೊದಲ ದಿನಗಳಲ್ಲಿ ತೇವಾಂಶ ಏನು ಮಾಡುತ್ತದೆ ಎಂಬುದೇ ಕೇಳಬೇಕಾಗಿದ್ದ ಪ್ರಶ್ನೆ, ಮೊದಲ ಕರಡಿನ ದತ್ತಾಂಶ ಅದಕ್ಕೆ ಉತ್ತರಿಸುವಂತಿರಲಿಲ್ಲ. ಹಾಗೆ ತೊಳೆದ ಎರಡು ಚಿಪ್‌ಗಳನ್ನು ಜೂನ್ ಮೊದಲ ಮಳೆಗೆ ಮುನ್ನ ತಯಾರಿಟ್ಟುಕೊಳ್ಳಲು ಅವರು ಬೆಂಗಳೂರಿನ ಕ್ಲೀನ್ ರೂಮ್‌ನಲ್ಲಿ ಸಮಯ ಕೇಳಿದ್ದಾರೆ.